ಹದಿನೇಳನೆಯ ಹಲಗೆ

ಮಾರ್ಚ್ 2, ಭಾನುವಾರ

ಇದು ಅಳತೆ ಬರೆದುಕೊಳ್ಳುವ ಪುಸ್ತಕ. ಮುಂದಿನ ಪುಟಗಳಲ್ಲೆಲ್ಲ ಯಾರ್‍ಯಾರದೋ ಬಚ್ಚಲುಮನೆಗಳ ಉದ್ದ ಅಗಲ ಇದೆ. ಅದಕ್ಕೇ ಹಿಂದಿನಿಂದ ತಿರುಗಿಸಿಕೊಂಡು ಬರೆಯುತ್ತಿದ್ದೇನೆ. ಮನೆಯಲ್ಲಿ ಮಾತಾಡಲು ಗೋಡೆ ಬಿಟ್ಟರೆ ಯಾರೂ ಇಲ್ಲ, ಗೋಡೆಯ ಜೊತೆ ಮಾತಾಡುವಷ್ಟು ನನಗಿನ್ನೂ ತಲೆ ಕೆಟ್ಟಿಲ್ಲ.

ಹೆಂಡತಿ ಮನೆ ಬಿಟ್ಟು ಹೋಗಿ ಐದು ತಿಂಗಳಾಯಿತು. ದೂರವೇನೂ ಹೋಗಿಲ್ಲ. ಇದೇ ಬೀದಿಯ ಆ ತುದಿಯಲ್ಲಿ ಅವಳ ಅಕ್ಕನ ಮನೆಯಿದೆ, ಅಲ್ಲಿದ್ದಾಳೆ. ನಮ್ಮ ಬಾಗಿಲಿನಿಂದ ಅವರ ಬಾಗಿಲಿಗೆ ಇನ್ನೂರ ಹತ್ತು ಹೆಜ್ಜೆ. ಮಗಳೂ ಅಲ್ಲೇ. ಕೆಲಸ ಮಾಡುವ ಔಷಧಿ ಅಂಗಡಿಗೆ ರಜೆ ಇರುವುದರಿಂದ ಭಾನುವಾರ ಮಾತ್ರ ಇಲ್ಲಿಗೆ ಬರುತ್ತಾಳೆ, ಬಂದು ನೆಂಟರ ಹಾಗೆ ಕುರ್ಚಿಯ ತುದಿಯಲ್ಲಿ ಕೂರುತ್ತಾಳೆ.

ಇವತ್ತು ಬರುವಾಗ ಒಂದು ಕಾಗದ ತಂದಿದ್ದಳು. ರೈಲು ಹಳಿಯ ಕೆಳಗೆ ಕಾಲುದಾರಿ ಇದೆಯಲ್ಲ, ಮೂಗು ಮುಚ್ಚಿಕೊಂಡು ಓಡುವ ದಾರಿ, ಅದರ ಗೋಡೆಗೆ ಚಿತ್ರ ಬರುತ್ತದಂತೆ. ಹೊರಗಿನಿಂದ ಯಾರೋ ಕಲಾವಿದೆ ಬಂದಿದ್ದಾಳೆ. ಚಿತ್ರ ಮಾಡುವವರು ಬೀದಿಯ ಜನರೇ. ಟೈಲ್ಸಿನ ಚೂರು, ಒಡೆದ ತಟ್ಟೆ ಲೋಟ ಅಂಟಿಸಿ ಮಾಡುವುದು. ಗೋಡೆಗೆ ಕೂರಿಸಲು ಒಬ್ಬ ಮೇಸ್ತ್ರಿ ಬೇಕು.

ಇಪ್ಪತ್ತಾರು ವರ್ಷದಿಂದ ಟೈಲ್ಸ್ ಹಾಕುತ್ತಿದ್ದೇನೆ, ಚೂರು ಆರಿಸುವ ಆಟಕ್ಕೆ ನಾನು ಬರುವುದಿಲ್ಲ ಎಂದೆ. ಮಗಳು ಲೋಟ ಕೆಳಗಿಟ್ಟು, "ಅಮ್ಮನೂ ಒಂದು ಹಲಗೆ ಚಿತ್ರ ಮಾಡ್ತೀನಿ ಅಂತ ಹೆಸರು ಕೊಟ್ಟಿದ್ದಾಳೆ" ಎಂದಳು.

ಆ ಗೋಡೆಯಲ್ಲಿ ತೇವ ಇದೆಯೋ ಏನೋ, ಮೊದಲು ನೋಡಬೇಕು ಎಂದೆ. ಮಗಳು ನಕ್ಕಳು. ಥೇಟ್ ಅವಳಮ್ಮನ ನಗು.

ಮಾರ್ಚ್ 8, ಶನಿವಾರ

ಗಡ್ಡ ಹೆರೆದುಕೊಂಡು ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆ. ಹಳೆಯ ಅಂಚೆ ಕಚೇರಿಯ ಹಿಂದಿನ ಗೋದಾಮು. ಉದ್ದ ಮೇಜುಗಳು, ಬಣ್ಣಬಣ್ಣದ ಚೂರು ತುಂಬಿದ ಡಬ್ಬಿಗಳು, ಮೂವತ್ತೆರಡು ಹಲಗೆ. ಕಲಾವಿದೆಯನ್ನು ಎಲ್ಲರೂ ಟೀಚರ್ ಎನ್ನುತ್ತಾರೆ. ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಮೇಜಿನ ಮೇಲೆಲ್ಲ ಹುಡುಕುವ ಹೆಂಗಸು. ಯಾವ ಊರಿನವರು ಎಂದು ಕೇಳಿದೆ. ಹಿಂದಿನ ಗೋಡೆ ಮಾಡಿದ ಊರಿನ ಹೆಸರು ಹೇಳಿದರು, ಅದಕ್ಕೂ ಹಿಂದಿನದನ್ನು ಹೇಳಿದರು, ಆಮೇಲೆ ಅವರಿಗೇ ಲೆಕ್ಕ ತಪ್ಪಿತು.

ಒಬ್ಬೊಬ್ಬರಿಗೆ ಒಂದೂವರೆ ಅಡಿ ಚೌಕದ ಒಂದು ಹಲಗೆ. ಅದರಲ್ಲಿ ಒಂದು ದಾರಿ ಮಾಡಬೇಕು. ನಮ್ಮ ಬೀದಿಯ ಬೇಕರಿಯ ಅಮ್ಮ ತಾನು ಬಂದ ಹಡಗನ್ನು ಮಾಡುತ್ತೇನೆ ಎಂದಾಗ ಟೀಚರ್ ಬೇಡ ಎಂದರು. "ಬಿಟ್ಟು ಬಂದ ಊರು ಬೇಡ. ಅದನ್ನ ಕೇಳಿದ್ರೆ ಎಲ್ಲರೂ ಸಮುದ್ರಾನೇ ಮಾಡ್ತಾರೆ. ಈ ಊರು ನಿಮ್ಮದು ಅಂತ ಅನ್ನಿಸೋಕೆ ಮುಂಚೆ, ಇಲ್ಲೇ ನೀವು ನಡೆದ ಒಂದು ದಾರಿ ಮಾಡಿ." ಅಲ್ಲಿದ್ದವರಲ್ಲಿ ಇಲ್ಲೇ ಹುಟ್ಟಿದವರು ನಾಲ್ಕು ಜನ ಇದ್ದರೆ ಹೆಚ್ಚು.

ಕೆಲಸದ ಕ್ರಮ ನಾನು ಹೇಳಿಕೊಟ್ಟೆ. ಹಲಗೆಯ ಮೇಲೆ ಕಂದು ಕಾಗದ, ಕಾಗದದ ಮೇಲೆ ಚಿತ್ರವನ್ನು ಎಡ ಬಲ ಅದಲುಬದಲು ಮಾಡಿ ಬರೆಯಬೇಕು. ಚೂರುಗಳ ಬಣ್ಣದ ಮುಖ ಕೆಳಗೆ ಬರುವಂತೆ ಮೈದಾ ಅಂಟಿನಲ್ಲಿ ಅಂಟಿಸಬೇಕು. ಗೋಡೆಗೆ ಸಿಮೆಂಟು ಬಳಿದು, ಕಾಗದದ ಸಮೇತ ಮಗುಚಿ ಒತ್ತಿ, ಮರುದಿನ ಕಾಗದವನ್ನು ನೀರಿನಲ್ಲಿ ನೆನೆಸಿ ಎಳೆದರೆ ಮುಖ ಕಾಣುತ್ತದೆ. ಅಲ್ಲಿಯವರೆಗೆ ಬರೀ ಬೆನ್ನು. ಟೈಲ್ಸ್ ಯಾವ ದೇಶದಿಂದ ಬಂದಿರಲಿ, ಬೆನ್ನು ಮಾತ್ರ ಒಂದೇ ಥರ. ಇಷ್ಟು ಹೇಳಿದ ಮೇಲೂ ಬೇಕರಿಯ ಅಮ್ಮ ಹಳದಿ ಮುಖ ಮೇಲೆ ಮಾಡಿ ಹತ್ತು ಚೂರು ಅಂಟಿಸಿದ್ದರು. ಇಷ್ಟು ಚಂದದ ಮುಖವನ್ನು ಕವುಚಿ ಹಾಕಲು ಮನಸ್ಸು ಬರಲಿಲ್ಲವಂತೆ.

ಟೀಚರದು ಒಂದೇ ಕಟ್ಟುನಿಟ್ಟು. ಒಬ್ಬರ ಹಲಗೆಗೆ ಇನ್ನೊಬ್ಬರು ಕೈ ಹಾಕಬಾರದು. ಹೇಳಿಕೊಡಬಹುದು, ಮುಟ್ಟುವಂತಿಲ್ಲ.

ಅವಳು ಬರಲಿಲ್ಲ. ಬಾಗಿಲ ಪಕ್ಕದ ಪಟ್ಟಿಯಲ್ಲಿ ಹದಿನೇಳನೆಯ ಸಂಖ್ಯೆಯ ಮುಂದೆ ಅವಳ ಹೆಸರಿತ್ತು. ಶನಿವಾರ ಎಂದು ಬರೆದದ್ದನ್ನು ಹೊಡೆದು ಬುಧವಾರ ಎಂದು ಮಾಡಿತ್ತು. ನಾನು ಶನಿವಾರ ಇರುತ್ತೇನೆ ಎಂದು ಗೊತ್ತಾದ ಮೇಲೆ ಹೊಡೆದದ್ದು. ಇಸ್ತ್ರಿ ಅಂಗಿಗೆ ಮೈದಾ ಅಂಟು ಮೆತ್ತಿಕೊಂಡಿದೆ.

ಮಾರ್ಚ್ 13, ಗುರುವಾರ

ಗೋದಾಮಿನ ಬೀಗದ ಕೈ ನನ್ನ ಹತ್ತಿರವೇ ಇರುತ್ತದೆ. ಅಂಟು ಒಣಗಿದೆಯೋ ಇಲ್ಲವೋ ನೋಡಬೇಕೆಂದು ಬೆಳಿಗ್ಗೆ ಕೆಲಸಕ್ಕೆ ಮುಂಚೆ ಹೋಗಿ ಬಾಗಿಲು ತೆಗೆದೆ. ಅಂಟು ನೋಡಲು ಹೋದೆ ಎಂದು ಬರೆದರೆ ಈ ಪುಸ್ತಕಕ್ಕೂ ನಗು ಬಂದೀತು.

ಹದಿನೇಳನ್ನು ಸಂಖ್ಯೆ ನೋಡದೆ ಗುರುತು ಹಿಡಿದೆ. ಚೂರಿಗೂ ಚೂರಿಗೂ ನಡುವೆ ಸಂದೇ ಬಿಟ್ಟಿಲ್ಲ. ಪರದೆ ಹೊಲಿಯುವವಳು, ಅವಳ ಕಣ್ಣಿಗೆ ಸಂದು ಎಂದರೆ ಹರಿದ ಬಟ್ಟೆ. ಸಂದು ಬಿಡದಿದ್ದರೆ ಸಿಮೆಂಟು ಎಲ್ಲಿ ಕೂರಬೇಕು ಎಂದು ಎಷ್ಟು ಸಲ ಹೇಳಿದ್ದೇನೆ. ಆದರೂ ಅಲ್ಲೇ ಎಷ್ಟು ಹೊತ್ತು ನಿಂತಿದ್ದೆನೋ, ಕೆಲಸಕ್ಕೆ ತಡವಾಯಿತು.

ಮಾರ್ಚ್ 16, ಭಾನುವಾರ

ಮಗಳು ಅಡುಗೆಮನೆಗೆ ಹೋದವಳು ಒಲೆಯ ಹಿಂದಿನ ಗೋಡೆ ನೋಡುತ್ತ ನಿಂತುಬಿಟ್ಟಳು. ಬಿಳಿ ಟೈಲ್ಸ್, ನಾಲ್ಕು ಸಾಲು, ರಸಮಟ್ಟ ಇಟ್ಟು ನೋಡಿದರೆ ಗುಳ್ಳೆ ಕೂದಲೆಳೆಯಷ್ಟೂ ಅತ್ತಿತ್ತ ಹೋಗುವುದಿಲ್ಲ.

ಅದರ ಕಥೆ ಬರೆದುಬಿಡುತ್ತೇನೆ, ಯಾರು ಸರಿ ಎಂದು ಓದಿದವರು ಹೇಳಲಿ. ಓದುವವರು ಯಾರೂ ಇಲ್ಲ ಎನ್ನುವುದು ಬೇರೆ ಮಾತು. ಕಳೆದ ಅಕ್ಟೋಬರಿನಲ್ಲಿ ಒಂದು ಹೋಟೆಲಿನ ಕೆಲಸಕ್ಕೆ ಪರವೂರಿಗೆ ಎಂಟು ದಿನ ಹೋಗಿದ್ದೆ. ವಾಪಸ್ಸು ಬರುವ ದಿನ ನಮ್ಮ ಮದುವೆಯಾಗಿ ಇಪ್ಪತ್ತೊಂದು ವರ್ಷ. ಬಂದು ನೋಡಿದರೆ ಅವಳು ನಾನು ಉಳಿಸಿಟ್ಟಿದ್ದ ಹಳೆಯ ಟೈಲ್ಸ್ ತೆಗೆದು, ನನ್ನ ಕರಣೆಯಲ್ಲೇ ಸಿಮೆಂಟು ಕಲಸಿ, ಒಲೆಯ ಹಿಂದಿನ ಗೋಡೆಗೆ ತಾನೇ ಹಾಕಿದ್ದಳು. ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ಸಾಲು ಹಾವಿನ ಹಾಗೆ ಹೋಗಿತ್ತು. ನಾನೇನೂ ಬೈಯಲಿಲ್ಲ. ಮರುದಿನ ಅವಳು ಕೆಲಸಕ್ಕೆ ಹೋದ ಮೇಲೆ ಸುತ್ತಿಗೆ ತೆಗೆದುಕೊಂಡು ಎಲ್ಲ ಕೆಡವಿ, ಅವಳು ಬರುವಷ್ಟರಲ್ಲಿ ಈಗಿರುವ ಹಾಗೆ ಹಾಕಿ ಒರೆಸಿಟ್ಟೆ. ಅವಳು ಬಂದಳು, ನೋಡಿದಳು, ಕೈ ತೊಳೆದುಕೊಂಡು ಅಡುಗೆ ಮಾಡಿದಳು. ಶುಕ್ರವಾರ ಹೊರಟುಹೋದಳು.

ಕೆಡವದೆ ಬಿಟ್ಟಿದ್ದರೆ ಮೂರು ತಿಂಗಳಲ್ಲಿ ಹಿಂದೆ ನೀರು ಇಳಿದು ಒಂದೊಂದೇ ಉದುರುತ್ತಿತ್ತು. ಅವಳ ಕೆಲಸ ಉದುರಿ ಬೀಳುವುದನ್ನು ನಾನು ಹೇಗೆ ನೋಡಲಿ? ಮಗಳಿಗೆ ಇದನ್ನೇ ಹೇಳಿದೆ.

"ಉದುರಿದ್ರೆ ಉದುರ್ತಿತ್ತು ಅಪ್ಪ" ಎಂದಳು.

ಈ ಹುಡುಗಿಗೆ ಕೆಲಸದ ತಲೆಬುಡ ಗೊತ್ತಿಲ್ಲ.

ಮಾರ್ಚ್ 20, ಗುರುವಾರ

ಮತ್ತೆ ಅಂಟು ನೋಡಲು ಹೋಗಿದ್ದೆ.

ಹದಿನೇಳು ಅರ್ಧ ಆಗಿದೆ. ಕೆಳಗಿನ ಅಂಚಿನಿಂದ ಒಂದು ದಾರಿ ಹೊರಟಿದೆ. ಸ್ವಲ್ಪ ಮೇಲೆ ಹೋಗಿ ಪಕ್ಕಕ್ಕೆ ತಿರುಗಿ, ಅಲ್ಲೇನನ್ನೋ ಮುಟ್ಟಿ, ಬಂದ ದಾರಿಯಲ್ಲೇ ವಾಪಸ್ಸು ಬಂದು, ಯಾವುದೋ ಗುಂಡಗಿನದನ್ನು ಪೂರ್ತಿ ಸುತ್ತಿ ಮತ್ತೆ ಹೊರಟಿದೆ. ಬೆನ್ನಿನ ಕಡೆಯಿಂದ, ಚೂರು ಸಾಲಾಗಿ ಕೂತ ರೀತಿಯಿಂದ, ಇಷ್ಟೇ ತಿಳಿಯುವುದು. ನಮ್ಮ ಮನೆಯಿಂದ ಪರದೆ ಅಂಗಡಿಯ ದಾರಿ ಇರಬೇಕು, ಹದಿನೈದು ವರ್ಷದಿಂದ ಅವಳು ನಡೆಯುವುದು ಅದೊಂದೇ. ಆ ರಸ್ತೆಯೋ ದಾರ ಎಳೆದ ಹಾಗೆ ನೆಟ್ಟಗಿದೆ. ಇವಳು ಹೀಗೆ ಕುಡಿದವರ ಥರ ಯಾಕೆ ಎಳೆದಿದ್ದಾಳೆ? ಗೋಡೆಯ ಮೇಲೆ ಬಂದಾಗ ಊರೆಲ್ಲ ನೋಡುತ್ತದೆ.

ಕೈ ತುರಿಸಿತು. ಜೇಬಿನಲ್ಲಿ ಇಟ್ಟುಕೊಂಡೆ.

ಮಾರ್ಚ್ 22, ಶನಿವಾರ

ನಮ್ಮ ಬೀದಿಯ ಸಲೂನಿನವನ ಹಲಗೆ ಮುಗಿಯಿತು. ಊರಿಗೆ ಬಂದ ಮೊದಲ ತಿಂಗಳು ಒಂದು ಕುರ್ಚಿಯಷ್ಟು ಜಾಗ ಕೇಳಿಕೊಂಡು ಹನ್ನೊಂದು ಸಲೂನಿಗೆ ಹತ್ತಿ ಇಳಿದ ದಾರಿಯಂತೆ. ಹನ್ನೊಂದು ಕಡೆ ಕಪ್ಪು ಚೂರು ಇಟ್ಟಿದ್ದಾನೆ. "ಹನ್ನೆರಡನೇದು ಎಲ್ಲಿ?" ಎಂದೆ. "ಅದು ನಂದೇ ಅಲ್ವಾ, ಅದಕ್ಕೆ ಕನ್ನಡಿ ಚೂರು" ಎಂದು ತೋರಿಸಿದ. ಬೇಕರಿಯ ಅಮ್ಮ ಮೊದಲ ಚಳಿಗಾಲದಲ್ಲಿ, ಬೆಳಗಾಗುವ ಮುಂಚೆ, ಹೆದರಿಕೆಗೆ ದೀಪದ ಕಂಬಗಳನ್ನು ಎಣಿಸಿಕೊಂಡು ಕೆಲಸಕ್ಕೆ ಹೋಗುತ್ತಿದ್ದರಂತೆ. ಹತ್ತೊಂಬತ್ತು ಕಂಬ, ಹತ್ತೊಂಬತ್ತು ಹಳದಿ ಚೂರು. ಮೂವತ್ತು ವರ್ಷದಿಂದ ಆ ಅಮ್ಮನ ಹತ್ತಿರ ಬ್ರೆಡ್ಡು ತರುತ್ತಿದ್ದೇನೆ, ಆಕೆಗೆ ಹೆದರಿಕೆ ಎನ್ನುವುದು ಇತ್ತು ಎಂದೇ ಗೊತ್ತಿರಲಿಲ್ಲ.

ಟೀಚರ್ ನನ್ನ ದಾರಿ ಯಾವುದು ಎಂದು ಕೇಳಿದರು. ನನಗೆ ದಾರಿ ಗೀರಿ ಇಲ್ಲ, ನಾನು ನೆಲ ಹಾಕುವವನು, ನಡೆಯುವವರು ಬೇರೆ ಎಂದೆ. ಒಳ್ಳೆಯ ಮಾತು ಎಂದು ಬರೆದುಕೊಂಡರು. ನಾನು ಅದನ್ನು ಒಳ್ಳೆಯ ಮಾತು ಎಂದುಕೊಂಡು ಹೇಳಿರಲಿಲ್ಲ.

ಮಾರ್ಚ್ 30, ಭಾನುವಾರ

ಇವತ್ತು ಮಗಳು ಕುರ್ಚಿಯ ತುದಿ ಬಿಟ್ಟು ಒರಗಿ ಕೂತಳು. ಅಮ್ಮ ಹಲಗೆ ಮುಗಿಸಿದ್ದಾಳೆ, ಬುಧವಾರ ಗೋದಾಮಿನಿಂದ ಬಂದವಳು ಏನೋ ಗುನುಗುತ್ತಿದ್ದಳು ಎಂದಳು. ನಾನು ಸರಿಯಾಗಿ ಊಟ ಮಾಡುತ್ತೇನೋ ಇಲ್ಲವೋ ಎಂದೂ ಕೇಳಿದಳಂತೆ. ಅವಳಾಗಿ ಕೇಳಿದಳೋ ನೀನು ಬಾಯಿ ಬಿಡಿಸಿದೆಯೋ ಎಂದೆ. ಅವಳಾಗೇ ಎಂದಳು. ಎರಡು ಸಲ ಕೇಳಿದೆ, ಎರಡು ಸಲವೂ ಅವಳಾಗೇ.

ಹನ್ನೆರಡನೆಯ ತಾರೀಖು ಗೋಡೆ ತೆರೆಯುವ ದಿನ ಅವಳು ಬರುತ್ತಾಳೆ. ನಾನು ಅಲ್ಲಿರುತ್ತೇನೆ ಎಂದು ಗೊತ್ತಿದ್ದೂ ಬರುತ್ತಾಳೆ.

"ಅಮ್ಮ ಇನ್ನೊಂದು ಮಾತು ಹೇಳಿದ್ಳು. ಗೋಡೆ ಮೇಲೆ ನೋಡಿದ್ರೆ ಅಪ್ಪನಿಗೆ ಗೊತ್ತಾಗತ್ತೆ, ಅಂತ."

ಏನು ಗೊತ್ತಾಗುತ್ತದೆ ಎಂದು ಕೇಳಿದೆ. ಮಗಳಿಗೂ ತಿಳಿಯದು. ನನಗೆ ತಿಳಿಯಿತು. ತಾನೂ ಈ ಕೆಲಸ ಮಾಡಬಲ್ಲೆ ಎಂದು ತೋರಿಸಬೇಕಾಗಿದೆ ಅವಳಿಗೆ. ಗೋಡೆಯ ಮುಂದೆ ನಿಂತು ನಾನು ಭೇಷ್ ಎಂದರೆ ಸಾಕು, ಬರುತ್ತಾಳೆ. ಬಂದೇ ಬರುತ್ತಾಳೆ. ಮನೆಯನ್ನೆಲ್ಲ ಗುಡಿಸಿ ಒರೆಸಿದೆ. ಕಪಾಟಿನಲ್ಲಿ ಅವಳ ಕಡೆಯ ಅರ್ಧಕ್ಕೆ ನನ್ನ ಸಾಮಾನು ತುಂಬಿಕೊಂಡಿತ್ತು, ತೆಗೆದು ಖಾಲಿ ಮಾಡಿದೆ.

ಏಪ್ರಿಲ್ 1, ಮಂಗಳವಾರ

ಮೂವತ್ತೆರಡು ಹಲಗೆಯೂ ಈಗ ನನ್ನ ವಶಕ್ಕೆ ಬಂದಿದೆ. ಶನಿವಾರ ಗೋಡೆಗೆ ಕೂರಿಸಬೇಕು. ಹದಿನೇಳನ್ನು ಕಿಟಕಿಯ ಹತ್ತಿರ ಇಟ್ಟುಕೊಂಡು ಇಡೀ ಬೆಳಿಗ್ಗೆ ನೋಡಿದೆ. ಹೀಗೇ ಗೋಡೆಗೆ ಹೋದರೆ ಭೇಷ್ ಎನ್ನಲು ನನ್ನ ಬಾಯಿ ಬರುವುದಿಲ್ಲ. ಸುಳ್ಳು ಹೇಳಿದರೆ ಅವಳಿಗೆ ತಕ್ಷಣ ಗೊತ್ತಾಗುತ್ತದೆ.

ಏಪ್ರಿಲ್ 2, ಬುಧವಾರ

ಮಾಡಿದೆ. ಟೀಚರ್ ಹೇಳಿದ್ದು ಜನಕ್ಕೆ, ಮೇಸ್ತ್ರಿಗಲ್ಲ. ಮೇಸ್ತ್ರಿ ಮುಟ್ಟದೆ ಯಾರು ಮುಟ್ಟಬೇಕು?

ಒದ್ದೆ ಬಟ್ಟೆ ಹಾಸಿ ಅಂಟು ಮೆತ್ತಗೆ ಮಾಡಿ, ಚಾಕುವಿನ ತುದಿಯಲ್ಲಿ ಒಂದೊಂದೇ ಎಬ್ಬಿಸಿದೆ. ನಲವತ್ತಮೂರು ಚೂರು. ದಾರಿಯನ್ನು ಕೆಳಗಿನ ಅಂಚಿನಿಂದ ಮೇಲಿನ ಮೂಲೆಯವರೆಗೆ ದಾರ ಹಿಡಿದು ನೇರ ಮಾಡಿದೆ. ಸಂದು ಸಮ ಬಿಟ್ಟೆ. ಅವಳು ವಾಪಸ್ಸು ತಿರುಗಿಸಿದ್ದ ಕಡೆ, ಸುತ್ತಿದ್ದ ಕಡೆ, ಖಾಲಿಯಾದ ಜಾಗಕ್ಕೆ ಬೂದು ಬಣ್ಣದ್ದು ತುಂಬಿದೆ. ಮೇಲಿನ ಮೂಲೆಯಲ್ಲಿ ಎಬ್ಬಿಸಿ ಮಗುಚಿ ನೋಡಿದರೆ ಬೂದು ಚೂರುಗಳ ನಡುವೆ ಒಂದೇ ಒಂದು ಗಾಢ ನೀಲಿ ಸೇರಿಕೊಂಡಿತ್ತು. ಕವುಚಿ ಅಂಟಿಸುವಾಗ ಡಬ್ಬಿ ತಪ್ಪಿ ಹೀಗಾಗುವುದುಂಟು. ಅದನ್ನೂ ತೆಗೆದು ಡಬ್ಬಿಗೆ ಎಸೆದು ಬೂದು ಹಾಕಿದೆ.

ಕೊನೆಗೆ ಮೂಲೆಮಟ್ಟ ಇಟ್ಟು ನೋಡಿದೆ. ಇಡೀ ಮೂವತ್ತೆರಡರಲ್ಲಿ ಇಷ್ಟು ಅಚ್ಚುಕಟ್ಟಾದದ್ದು ಇನ್ನೊಂದಿಲ್ಲ. ಯಾರೂ ನಗುವ ಹಾಗಿಲ್ಲ ಅವಳನ್ನು. ಎಷ್ಟು ದಿನವಾದ ಮೇಲೆ ಇವತ್ತು ಹಸಿವಾಗಿ ಊಟ ಮಾಡಿದೆ.

ಏಪ್ರಿಲ್ 5, ಶನಿವಾರ

ಬೆಳಗಿನಿಂದ ಸಂಜೆಯವರೆಗೆ ಮೂವತ್ತೆರಡೂ ಕೂರಿಸಿದೆವು. ಸುತ್ತಲ ಅಂಚಿಗೆ ಉಳಿದ ಚೂರೆಲ್ಲ ಬೇಕಾಯಿತು. ಡಬ್ಬಿಗಳನ್ನೆಲ್ಲ ಒಂದೇ ಗುಡ್ಡೆ ಸುರಿದು, ಕೈಗೆ ಸಿಕ್ಕಿದ್ದನ್ನು ಒತ್ತುತ್ತ ಹೋದೆ, ಅರವತ್ತು ಅಡಿ ಉದ್ದ. ಸಲೂನಿನವ ಸಿಮೆಂಟು ಬಳಿದುಕೊಟ್ಟ. ಮುಖಕ್ಕೆ ನೊರೆ ಹಚ್ಚಿದ ಹಾಗೇ ಹಚ್ಚುತ್ತಾನೆ, ಸುಮ್ಮನೆ ಹೇಳಬಾರದು, ಕೈ ಚೆನ್ನಾಗಿದೆ.

ಬೆನ್ನು ಮುರಿದುಹೋಗಿದೆ. ಹೊಸ ಅಂಗಿ ತಂದಿಟ್ಟೆ.

ಏಪ್ರಿಲ್ 6, ಭಾನುವಾರ

ಕಾಗದ ನೆನೆಸಿ ಎಳೆದೆವು. ಬೇಕರಿಯ ಅಮ್ಮ ತನ್ನ ಕಂಬಗಳನ್ನು ಮುಟ್ಟಿ ಮುಟ್ಟಿ ಎಣಿಸಿದರು. ಹದಿನೇಳರ ಕಾಗದ ನಾನೇ ತೆಗೆದೆ. ಮೊದಲ ಸಲ ಮುಖ ನೋಡಿದ್ದು. ಬೂದು ನೆಲದ ಮೇಲೆ ಒಂದು ಕೆಂಪು ಗೆರೆ, ನೆಟ್ಟಗೆ. ಗೆರೆಯಿಂದ ದೂರ ಒಂದು ಹಸಿರು ಬಾಗಿಲು, ಒಂದು ಗುಂಡು ತೊಟ್ಟಿ, ಮೂರು ಕಾಲಿನ ಒಂದು ಕುದುರೆ. ಅವುಗಳನ್ನು ನಾನು ಮುಟ್ಟಿರಲಿಲ್ಲ, ಬೆನ್ನಿನ ಕಡೆಯಿಂದ ಏನೆಂದೂ ತಿಳಿದಿರಲಿಲ್ಲ. ಈಗ ದಾರಿ ಒಂದು ಕಡೆ, ಅವು ಇನ್ನೊಂದು ಕಡೆ ಬಿದ್ದಿವೆ.

ಪರದೆ ಅಂಗಡಿಯ ರಸ್ತೆಯಲ್ಲಿ ಕುದುರೆ ಎಲ್ಲಿದೆ? ತುಂಬ ಹೊತ್ತು ಯೋಚಿಸಿದೆ. ಅಂದಕ್ಕೆ ಮಾಡಿರಬೇಕು.

ಏಪ್ರಿಲ್ 12, ಶನಿವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ, ಅವಳು ಹೇಳಿದ ಮಾತುಗಳು ನನಗೆ ಬೇಕಾದ ಹಾಗೆ ಬದಲಾಗಿಬಿಡುವ ಮುಂಚೆ.

ಹತ್ತು ಗಂಟೆಗೆ ಅಕ್ಕನ ಜೊತೆ, ಮಗಳ ಜೊತೆ ಬಂದಳು. ಕೂದಲು ಸ್ವಲ್ಪ ಬೆಳ್ಳಗಾಗಿದೆ. ಜನ ಜಾತ್ರೆಯಂತೆ ಸೇರಿ ತಂತಮ್ಮ ಹಲಗೆ ಹುಡುಕುತ್ತಿದ್ದರು. ಅವಳು ಹದಿನೇಳರ ಮುಂದೆ ಬಂದು ನಿಂತಳು. ನಾನು ಹೋಗಿ ಒಂದು ಮಾರು ದೂರದಲ್ಲಿ ನಿಂತೆ. ಹೇಳಬೇಕಾದ ಮಾತನ್ನು ವಾರದಿಂದ ಬಾಯಿಪಾಠ ಮಾಡಿಕೊಂಡಿದ್ದೆ.

"ಇದು ಯಾರದು?" ಎಂದಳು.

"ನಿಂದೇ. ಹದಿನೇಳು."

"ನಂದು ಹೀಗಿರಲಿಲ್ಲ."

ಅಂಟು ಬಿಟ್ಟುಕೊಂಡು ಒಂದೆರಡು ಚೂರು ಜಾರಿತ್ತು, ಕೂರಿಸಿದೆ ಎಂದೆ. ನಲವತ್ತಮೂರು ಚೂರು. ಸುಳ್ಳು ತಾನಾಗಿ ಬಂತು. ಅವಳು ನನ್ನ ಕಡೆ ನೋಡಲಿಲ್ಲ. ಹತ್ತಿರ ಹೋಗಿ ಗೋಡೆಯ ಮೇಲೆ ಬೆರಳಿಟ್ಟಳು. ನನ್ನ ಕೆಂಪು ಗೆರೆ ಬಿಟ್ಟು ಪಕ್ಕಕ್ಕೆ, ಬೂದು ಚೂರುಗಳ ಮೇಲೆ ಬೆರಳು ಎಳೆಯುತ್ತ ಹೋದಳು.

"ಇಲ್ಲಿ ಹಸಿರು ಬಾಗಿಲಿನ ಮನೆ. ಅಲ್ಲಿಗೆ ಬಂದ್ರೆ ಬೀದಿ ತಪ್ಪಿಲ್ಲ ಅಂತ ಗೊತ್ತಾಗ್ತಿತ್ತು. ಅಲ್ಲಿಂದ ವಾಪಸ್ಸು ಬಂದು, ನೀರಿನ ತೊಟ್ಟಿ ಸುತ್ತಿ, ಕುದುರೆ ಚಿತ್ರದ ಗೋಡೆ. ನಂಗೆ ಈ ಊರಿನ ಬೋರ್ಡು ಓದೋಕೆ ಬರ್ತಿರಲಿಲ್ಲ. ಯಾರನ್ನಾದ್ರೂ ಕೇಳೋಣ ಅಂದ್ರೆ ಮಾತೂ ಬರ್ತಿರಲಿಲ್ಲ. ಗುರುತು ಹಿಡ್ಕೊಂಡು ಹೋಗ್ತಿದ್ದೆ."

"ಎಲ್ಲಿಗೆ?" ಎಂದೆ. ಕೇಳುವಾಗಲೇ ನನಗೆ ಗೊತ್ತಾಗಿತ್ತು.

"ಆಸ್ಪತ್ರೆ ನೆಲದ ಕೆಲಸದಲ್ಲಿದ್ರಲ್ಲ ನೀವು. ಮದುವೆಯಾದ ಹೊಸದರಲ್ಲಿ. ಊಟ ತರ್ತಿದ್ದೆ."

ಅವಳು ಊಟ ತರುತ್ತಿದ್ದಳು. ದಿನಾ ತಡವಾಗಿ ತರುತ್ತಿದ್ದಳು. ಊಟ ಆರಿ ತಣ್ಣಗಾಗಿರುತ್ತಿತ್ತು. ಉಳಿದ ಕೆಲಸಗಾರರ ಎದುರಿಗೆ ನಾನು ಗದರುತ್ತಿದ್ದೆ, ಹದಿನೈದು ನಿಮಿಷದ ನೇರ ದಾರಿ, ಎಲ್ಲಿ ಅಂಗಡಿ ನೋಡುತ್ತ ನಿಂತಿದ್ದೆ ಎಂದು. ಅವಳು ಒಂದು ದಿನವೂ ಏನೂ ಹೇಳಲಿಲ್ಲ. ಇಪ್ಪತ್ತೊಂದು ವರ್ಷ ಹೇಳಲಿಲ್ಲ.

ಬೆರಳು ಮೇಲಿನ ಮೂಲೆಗೆ ಬಂದು ನಿಂತಿತು. "ಇಲ್ಲೊಂದು ನೀಲಿ ಚೂರಿತ್ತು."

ತಪ್ಪಿ ಬಿದ್ದಿದೆ ಅಂದುಕೊಂಡೆ ಎಂದೆ.

"ಅದು ನೀವು" ಎಂದಳು. "ನೀಲಿ ಅಂಗಿ ಹಾಕ್ಕೊಂಡು ಬಗ್ಗಿ ಕೂತಿರ್ತಿದ್ರಿ. ದೂರದಿಂದ ಅದು ಕಂಡ್ರೆ ಅಬ್ಬಾ ಸೇರಿದೆ ಅನ್ನಿಸ್ತಿತ್ತು. ಎಲ್ಲಿ ಅದು?"

ಅಂಚಿಗೆ ಸುರಿದ ಗುಡ್ಡೆಯಲ್ಲಿ ಹೋಗಿದೆ. ಅರವತ್ತು ಅಡಿ ಅಂಚಿನಲ್ಲಿ ಎಲ್ಲೋ ಇದೆ, ನನ್ನ ಕೈಯಿಂದಲೇ ಒತ್ತಿದ್ದು. ನೂರಾರು ನೀಲಿಗಳಲ್ಲಿ ಯಾವುದು ಎಂದು ನನಗೂ ತಿಳಿಯದು. ಇದನ್ನು ಹೇಳಿದೆ. ಅವಳು ಅಂಚಿನ ಉದ್ದಕ್ಕೂ ಒಂದು ಸಲ ಕಣ್ಣು ಹಾಯಿಸಿದಳು, ನಿಜವಾಗಿ ಹುಡುಕುವವರ ಹಾಗೆ. ಆಮೇಲೆ ಬಿಟ್ಟಳು.

"ನೀವು ಈಗಲೂ ಅದೇ ಹೇಳ್ತಿದೀರಿ ಅಲ್ವಾ" ಎಂದಳು. "ನೇರ ದಾರಿ ಇತ್ತಲ್ಲ, ಅಂತ."

ಕೂಗಲಿಲ್ಲ. ಅಳಲೂ ಇಲ್ಲ. ಅಕ್ಕನ ಕೈ ಹಿಡಿದುಕೊಂಡು ಜನರ ನಡುವೆ ಹೋದಳು. ಟೀಚರ್ ಮೇಸ್ತ್ರಿಗೆ ಚಪ್ಪಾಳೆ ಎಂದರು. ಎಲ್ಲರೂ ತಟ್ಟಿದರು.

ಏಪ್ರಿಲ್ 13, ಭಾನುವಾರ

ಮಗಳು ಬರಲಿಲ್ಲ.

ಏಪ್ರಿಲ್ 14, ಸೋಮವಾರ

ಕೆಲಸಕ್ಕೆ ಹೋಗಲಿಲ್ಲ. ಸಲೂನಿನವ ಬಾಗಿಲು ತಟ್ಟಿ ಒಳಗೆ ಬಂದ. ಏನಾಯಿತು ಎಂದು ಕೇಳಲಿಲ್ಲ, ಬೀದಿಗೆಲ್ಲ ಗೊತ್ತಾಗಿದೆ. ಗಡ್ಡ ಬಿಡಬೇಡಿ ಎಂದು ಹೇಳಿ ಅಲ್ಲೇ ಕೂರಿಸಿ ಹೆರೆದ. ಮುಗಿಸಿ ಬ್ಲೇಡು ಒರೆಸುತ್ತ, ಹೇಳಬಾರದು ಎಂದಿದ್ದೆ ಆದರೆ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ ಎಂದ. ಶನಿವಾರ ಬೆಳಿಗ್ಗೆ ಅವಳು ಅವನ ಅಂಗಡಿಯಲ್ಲಿ ಒಂದು ದೊಡ್ಡ ಚೀಲ ಇಟ್ಟು ಹೋಗಿದ್ದಳಂತೆ.

"ಗೋಡೆ ನೋಡ್ಕೊಂಡು ಹಾಗೇ ಮನೆಗೆ ಹೋಗ್ತೀವಿ, ಹೋಗ್ತಾ ಇಬ್ರೂ ಬಂದು ತಗೊಂಡು ಹೋಗ್ತೀವಿ ಅಂದಿದ್ರು ಅಣ್ಣಾ. ಮಧ್ಯಾಹ್ನ ಅವರಕ್ಕ ಒಬ್ರೇ ಬಂದು ತಗೊಂಡ್ರು."

ಇಬ್ಬರೂ. ಅವನು ಹೋದ ಮೇಲೆ ಕಪಾಟಿನ ಬಾಗಿಲು ತೆಗೆದು ಖಾಲಿ ಅರ್ಧದ ಎದುರು ನೆಲದ ಮೇಲೆ ಕೂತೆ. ಅತ್ತೆ. ಅಪ್ಪ ಸತ್ತಾಗ ಅತ್ತಿದ್ದೆ, ಆಮೇಲೆ ಇವತ್ತು. ನಾನು ಅವಳನ್ನು ಎಷ್ಟು ಹಚ್ಚಿಕೊಂಡಿದ್ದೇನೆ ಎಂದು ಅವಳಿಗೆ ತೋರಿಸಲು ನನಗೆ ತಿದ್ದುವುದು ಬಿಟ್ಟು ಬೇರೆ ಏನೂ ಗೊತ್ತಿರಲಿಲ್ಲ.

ಏಪ್ರಿಲ್ 17, ಗುರುವಾರ

ನಿನ್ನೆಯಿಂದ ಕೆಲಸಕ್ಕೆ ಹೋಗುತ್ತಿದ್ದೇನೆ. ಒಬ್ಬ ಅಜ್ಜಿಯ ಮನೆಯ ಬಚ್ಚಲು. ಬಾಗಿಲಲ್ಲಿ ನಾಲ್ಕು ಹಳೆಯ ಟೈಲ್ಸ್ ಸೊಟ್ಟಗೆ ಕೂತಿತ್ತು. ಇದನ್ನು ಯಾರು ಹಾಕಿದ್ದು ಎಂದು ಕೇಳಿದೆ. ಯಜಮಾನರು, ಹೋಗಿ ಒಂಬತ್ತು ವರ್ಷವಾಯಿತು, ಕಿತ್ತು ಹಾಕಪ್ಪ ಎಂದರು. ಬೆನ್ನು ನೋಯುತ್ತಿತ್ತು, ಸುತ್ತಿಗೆ ಎತ್ತುವ ಮನಸ್ಸಾಗಲಿಲ್ಲ. ಅದನ್ನು ಹಾಗೇ ಬಿಟ್ಟು ನನ್ನದನ್ನು ಅದರ ಸೊಟ್ಟಕ್ಕೆ ಹೊಂದಿಸಿ ಕತ್ತರಿಸಿ ಹಾಕಿದೆ. ಒಂದು ದಿನದ ಕೆಲಸ ಎರಡು ದಿನವಾಯಿತು.

ಏಪ್ರಿಲ್ 20, ಭಾನುವಾರ

ಟೀಚರ್ ನಿನ್ನೆ ಬಂದಿದ್ದರು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. ಮುಂದಿನ ತಿಂಗಳು ಬೇರೆ ಊರಿಗೆ ಹೊರಡುತ್ತಾರೆ. ಅದರೊಳಗೆ ಹದಿನೇಳನ್ನು ಕಿತ್ತು ಮತ್ತೆ ಮಾಡಬಹುದು, ನಿಮ್ಮ ಮನೆಯವರು ಒಪ್ಪಿದರೆ ಎಂದರು. ಕಿತ್ತ ನಲವತ್ತಮೂರೂ ಎಲ್ಲೆಲ್ಲಿತ್ತು ಎಂದು ನನಗೆ ನೆನಪಿದೆ, ಒಂದೂ ತಪ್ಪದೆ ಅಲ್ಲಲ್ಲೇ ಕೂರಿಸಬಲ್ಲೆ. ಬೆಳಿಗ್ಗೆ ಬಂದಿದ್ದ ಮಗಳ ಕೈಯಲ್ಲಿ ಹೇಳಿ ಕಳಿಸಿದೆ.

ಸಂಜೆ ಮಗಳು ಉತ್ತರ ತಂದಳು. ಬಾಗಿಲಲ್ಲೇ ನಿಂತಿದ್ದಳು.

"ಬೇಡವಂತೆ ಅಪ್ಪ. ಒಂದು ಸಲ ಕಾಲಲ್ಲಿ ನಡೆದೆ, ಒಂದು ಸಲ ಕೈಯಲ್ಲಿ ನಡೆದೆ, ಇನ್ನು ಆಗಲ್ಲ ಅಂದ್ಳು."

ಮತ್ತೇನೂ ಹೇಳಲಿಲ್ಲವೇ ಎಂದೆ. ಬಟ್ಟೆಯ ಪೆಟ್ಟಿಗೆ, ಹೊಲಿಗೆ ಯಂತ್ರ, ಎರಡನ್ನೂ ಕಳಿಸಿಕೊಡಬೇಕಂತೆ. ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡೋಣ ಎಂದು ಎದ್ದೆ. ಆಮೇಲೆ ಮುಟ್ಟಲಿಲ್ಲ. ಇದ್ದ ಹಾಗೇ ಕಳಿಸಿದೆ.

ಏಪ್ರಿಲ್ 27, ಭಾನುವಾರ

ಈ ಪುಸ್ತಕದ ಹಿಂದಿನ ಹಾಳೆಯಲ್ಲಿ ಅವಳ ದಾರಿಯನ್ನು ಬರೆದುಕೊಂಡೆ, ನಾನು ಕೆಡಿಸುವ ಮುಂಚೆ ಇದ್ದ ಹಾಗೆ. ಬೆಳಿಗ್ಗೆ ಅಡುಗೆ ಮಾಡಿ ಡಬ್ಬಿಗೆ ತುಂಬಿದೆ. ನಾವು ಆಗ ಬಾಡಿಗೆಗಿದ್ದ ಮನೆಯ ಮುಂದಿನಿಂದ ಹೊರಟೆ.

ಮೊದಲ ತಿರುವಿನಲ್ಲೇ ದಾರಿ ತಪ್ಪಿದೆ. ನಾನು ನೋಡಿದ್ದು ಬೆನ್ನಿನಿಂದ, ಬರೆದುಕೊಂಡದ್ದೂ ಹಾಗೇ. ಎಡವನ್ನೆಲ್ಲ ಬಲ ಮಾಡಿಕೊಳ್ಳಬೇಕಿತ್ತು. ಮತ್ತೆ ಮೊದಲಿನಿಂದ ಬಂದೆ. ಹಸಿರು ಬಾಗಿಲು ಈಗ ಕಂದು ಬಣ್ಣ, ಆದರೆ ಬಣ್ಣ ಎದ್ದ ಕಡೆ ಒಳಗೆ ಹಸಿರಿದೆ. ಅಲ್ಲಿಂದ ವಾಪಸ್ಸು. ತೊಟ್ಟಿಯಲ್ಲಿ ನೀರಿಲ್ಲ, ಸುತ್ತಲೂ ಗಾಡಿಗಳು ನಿಂತಿವೆ, ಸಂದಿಯಲ್ಲಿ ನುಸುಳಿ ಪೂರ್ತಿ ಸುತ್ತಿದೆ. ಯಾಕೆ ಸುತ್ತುತ್ತಿದ್ದಳು ಎಂದು ಆಗ ತಿಳಿಯಿತು. ಅಲ್ಲಿಂದ ಐದು ಬೀದಿ ಹೊರಡುತ್ತವೆ, ಐದೂ ಒಂದೇ ಥರ. ಒಂದೊಂದರ ಬಾಯಲ್ಲೂ ನಿಂತು ದೂರಕ್ಕೆ ನೋಡಿದರೆ ಒಂದರಲ್ಲಿ ಮಾತ್ರ ಕುದುರೆ ಇದ್ದ ಗೋಡೆ ಕಾಣುತ್ತದೆ. ಕುದುರೆ ಅಳಿಸಿಹೋಗಿದೆ. ಬೋರ್ಡುಗಳನ್ನು ಓದದೆ ನಡೆಯಲು ನೋಡಿದೆ, ಆಗಲಿಲ್ಲ, ಕಣ್ಣು ತಾನಾಗಿ ಓದುತ್ತದೆ. ಹತ್ತೊಂಬತ್ತು ವರ್ಷದ ಹುಡುಗಿ, ಬಾಯಲ್ಲಿ ಭಾಷೆಯಿಲ್ಲ, ಕೈಯಲ್ಲಿ ಬಿಸಿ ಡಬ್ಬಿ.

ಆಸ್ಪತ್ರೆಯ ಬಾಗಿಲಿಗೆ ಬಂದಾಗ ಗಡಿಯಾರ ನೋಡಿದೆ. ನಲವತ್ತೆಂಟು ನಿಮಿಷ. ನಾನು ಹಾಕಿದ ನೆಲ ಇನ್ನೂ ಹಾಗೇ ಇದೆ, ಒಂದು ಕಡೆಯೂ ಎದ್ದಿಲ್ಲ, ಜನ ಅದನ್ನು ನೋಡದೆ ಓಡಾಡುತ್ತಿದ್ದರು. ಡಬ್ಬಿ ಮುಟ್ಟಿ ನೋಡಿದೆ, ಆರಿತ್ತು. ಯಾಕಿಷ್ಟು ತಡ ಎಂದು ಒಳಗಿನಿಂದ ಬಂದು ಗದರುವವನಿಗಾಗಿ ಸ್ವಲ್ಪ ಹೊತ್ತು ಕಾದೆ. ಆಮೇಲೆ ಮೆಟ್ಟಿಲ ಮೇಲೆ ಕೂತು ಊಟ ಮಾಡಿದೆ.